ಸಿ.ಟಿ. ಪಲ್ಮನರಿ ಆಂಜಿಯೋಗ್ರಫಿ

ಸಿ.ಟಿ. ಪಲ್ಮನರಿ ಆಂಜಿಯೋಗ್ರಫಿ ಎಂಬುದು ಶ್ವಾಸಕೋಶದ ಅಪಧಮನಿಗಳಲ್ಲಿ ಸಿಲುಕಿದ ರಕ್ತದ ಹೆಪ್ಪನ್ನು ಪತ್ತೆಹಚ್ಚಲು ಬಳಸುವ ಕಂಪ್ಯೂಟೆಡ್ ಟೊಮೊಗ್ರಫಿ ಪರೀಕ್ಷೆಯಾಗಿದೆ. ಇದನ್ನು ಸಂಕ್ಷಿಪ್ತವಾಗಿ ಸಿ.ಟಿ.ಪಿ.ಎ. ಎನ್ನುತ್ತಾರೆ. ಹೆಪ್ಪು ಹೀಗೆ ಸಿಲುಕುವ ಸ್ಥಿತಿಗೆ ಪಲ್ಮನರಿ ಎಂಬಾಲಿಸಂ ಎಂದು ಹೆಸರು.

ರೋಗದ ಸ್ವರೂಪ

ಬಹುಪಾಲು ಹೆಪ್ಪುಗಳು ಕಾಲಿನ ಆಳದ ಅಭಿಧಮನಿಗಳಲ್ಲಿ ಉಂಟಾಗುತ್ತವೆ. ಅಲ್ಲಿಂದ ಕಳಚಿಕೊಂಡು, ಹೃದಯದ ಬಲಭಾಗವನ್ನು ಹಾದು ಶ್ವಾಸಕೋಶವನ್ನು ಸೇರುತ್ತವೆ. ದೊಡ್ಡ ಶಸ್ತ್ರಚಿಕಿತ್ಸೆ, ಮೂಳೆಮುರಿತ, ದೀರ್ಘಕಾಲ ಹಾಸಿಗೆ ಹಿಡಿದಿರುವುದು, ಕ್ಯಾನ್ಸರ್, ಗರ್ಭಾವಸ್ಥೆ ಮತ್ತು ಬಾಣಂತನ ಇದಕ್ಕೆ ಪೂರಕವಾದ ಸಂದರ್ಭಗಳು. ಹಠಾತ್ ಉಸಿರಾಟದ ತೊಂದರೆ, ಎದೆನೋವು, ಕೆಮ್ಮಿನಲ್ಲಿ ರಕ್ತ, ಒಂದೇ ಕಾಲಿನ ಊತ ಮುಖ್ಯ ಲಕ್ಷಣಗಳು. ಹೃದಯಾಘಾತ ಹಾಗೂ ನ್ಯುಮೋನಿಯಾಗಳಲ್ಲಿಯೂ ಇಂತಹ ಕೆಲವು ಲಕ್ಷಣಗಳು ಇರುವುದರಿಂದ, ಲಕ್ಷಣಗಳಿಂದ ಮಾತ್ರವೇ ರೋಗವನ್ನು ನಿರ್ಧರಿಸಲಾಗದು.

ಪರೀಕ್ಷೆಗೆ ಮುನ್ನ

ಸಂಶಯ ಬಂದ ಎಲ್ಲರಿಗೂ ಸ್ಕ್ಯಾನ್ ಅಗತ್ಯವಿಲ್ಲ. ವೈದ್ಯರು ಮೊದಲು ವೆಲ್ಸ್ ಅಂಕಗಳಂತಹ ಕ್ರಮದಿಂದ ರೋಗದ ಸಂಭವವನ್ನು ಅಂದಾಜು ಮಾಡುತ್ತಾರೆ. ಸಂಭವ ಕಡಿಮೆಯಿದ್ದು, ಡಿ-ಡೈಮರ್ ಎಂಬ ರಕ್ತಪರೀಕ್ಷೆಯ ಫಲಿತಾಂಶವೂ ಸಾಮಾನ್ಯವಾಗಿದ್ದರೆ ಸ್ಕ್ಯಾನ್ ಇಲ್ಲದೆಯೇ ರೋಗವನ್ನು ತಳ್ಳಿಹಾಕಬಹುದು. ಆದರೆ ಸೋಂಕು, ಗರ್ಭಾವಸ್ಥೆ, ಇಳಿವಯಸ್ಸುಗಳಲ್ಲಿಯೂ ಡಿ-ಡೈಮರ್ ಹೆಚ್ಚಿರುತ್ತದೆ. ಆದ್ದರಿಂದ ಅದು ಹೆಚ್ಚಿದ್ದ ಮಾತ್ರಕ್ಕೆ ಹೆಪ್ಪು ಇದೆ ಎಂದು ಅರ್ಥವಲ್ಲ.

ವಿಧಾನ

ತೋಳಿನ ಅಭಿಧಮನಿಗೆ ಅಯೋಡಿನ್ ಇರುವ ಕಾಂಟ್ರಾಸ್ಟ್ ದ್ರವವನ್ನು ಯಂತ್ರದ ಮೂಲಕ ವೇಗವಾಗಿ ಹಾಯಿಸಲಾಗುತ್ತದೆ. ಅದು ಶ್ವಾಸಕೋಶದ ಅಪಧಮನಿಗಳನ್ನು ತುಂಬಿದ ಕ್ಷಣದಲ್ಲಿ ಚಿತ್ರ ತೆಗೆಯುತ್ತಾರೆ. ರೋಗಿಯು ಕೆಲವು ಸೆಕೆಂಡು ಉಸಿರು ಬಿಗಿಹಿಡಿದಿದ್ದರೆ ಸಾಕು. ಚಿತ್ರದಲ್ಲಿ ರಕ್ತನಾಳವು ಬೆಳ್ಳಗೆ ಕಾಣುತ್ತದೆ, ಅದರೊಳಗಿನ ಹೆಪ್ಪು ಕಪ್ಪು ಕಲೆಯಾಗಿ ತೋರುತ್ತದೆ. ಹೃದಯದ ಬಲ ಹೃತ್ಕುಕ್ಷಿ ಹಿಗ್ಗಿದ್ದರೆ ರೋಗ ತೀವ್ರವಾಗಿರಬಹುದೆಂಬ ಸೂಚನೆಯೂ ದೊರೆಯುತ್ತದೆ. 2006ರಲ್ಲಿ ಪ್ರಕಟವಾದ ಪಿಯೊಪೆಡ್-2 ಅಧ್ಯಯನದಲ್ಲಿ, ರೋಗವಿದ್ದವರ ಪೈಕಿ ಶೇ. 83ರಷ್ಟು ಮಂದಿಯಲ್ಲಿ ಈ ಪರೀಕ್ಷೆ ಅದನ್ನು ಗುರುತಿಸಿತು. ರೋಗವಿಲ್ಲದವರ ಪೈಕಿ ಶೇ. 96ರಷ್ಟು ಮಂದಿಗೆ ರೋಗವಿಲ್ಲವೆಂದು ಸರಿಯಾಗಿ ತೋರಿಸಿತು.

ಮಿತಿಗಳು

ಈ ಪರೀಕ್ಷೆಯ ವಿಕಿರಣ ಪ್ರಮಾಣ ಎದೆಯ ಸಾಮಾನ್ಯ ಎಕ್ಸ್-ರೇಗಿಂತ ಹಲವು ಪಟ್ಟು ಹೆಚ್ಚು. ಮೂತ್ರಪಿಂಡದ ತೀವ್ರ ತೊಂದರೆ ಇರುವವರಲ್ಲಿ ಮತ್ತು ಕಾಂಟ್ರಾಸ್ಟ್ ದ್ರವಕ್ಕೆ ಹಿಂದೆ ಅಲರ್ಜಿ ಆಗಿರುವವರಲ್ಲಿ ಎಚ್ಚರ ಅಗತ್ಯ. ಅಂತಹವರಿಗೆ ಕಾಲಿನ ಅಲ್ಟ್ರಾಸೌಂಡ್ ಅಥವಾ ವಿ/ಕ್ಯೂ ಸ್ಕ್ಯಾನ್ ಪರ್ಯಾಯವಾಗಬಲ್ಲದು. ರಕ್ತದೊತ್ತಡ ಕುಸಿದ ರೋಗಿಯನ್ನು ಸ್ಕ್ಯಾನ್ ಕೊಠಡಿಗೆ ಒಯ್ಯುವುದು ಅಪಾಯಕರವಾದರೆ, ಹಾಸಿಗೆಯ ಬಳಿಯೇ ಎಕೋ ಪರೀಕ್ಷೆ ನಡೆಸುತ್ತಾರೆ.

ಉತ್ತರ ಕನ್ನಡದ ಕರಾವಳಿಯಲ್ಲಿ

ಈ ಪರೀಕ್ಷೆಗೆ ಸಿ.ಟಿ. ಯಂತ್ರ ಒಂದೇ ಸಾಲದು. ದ್ರವ ಹಾಯಿಸುವ ಇಂಜೆಕ್ಟರ್, ಚಿತ್ರವನ್ನು ಓದುವ ರೇಡಿಯಾಲಜಿ ತಜ್ಞರು ಮತ್ತು ತೀವ್ರ ನಿಗಾ ಘಟಕವೂ ಬೇಕು. ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳ ಜನರು ಉನ್ನತ ಚಿಕಿತ್ಸೆಗಾಗಿ ಮಣಿಪಾಲ, ಮಂಗಳೂರು ಇಲ್ಲವೇ ಹುಬ್ಬಳ್ಳಿಗೆ ಹೋಗುವುದು ವಾಡಿಕೆ. ರಾಷ್ಟ್ರೀಯ ಹೆದ್ದಾರಿ 66ರ ಮೂಲಕ ಮಣಿಪಾಲವು ಭಟ್ಕಳದಿಂದ ಸುಮಾರು 90 ಕಿ.ಮೀ., ಕುಮಟಾದಿಂದ ಸುಮಾರು 145 ಕಿ.ಮೀ. ದೂರದಲ್ಲಿದೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟ್ ಬಳಿ ಅಪಘಾತಕ್ಕೀಡಾಗಿ ನಾಲ್ವರು ಮೃತಪಟ್ಟರು. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಜನರ ಬೇಡಿಕೆ ಆ ಬಳಿಕ ಇನ್ನಷ್ಟು ತೀವ್ರವಾಯಿತು.

ಸ್ಕ್ಯಾನ್ ದೂರವಿರುವ ಇಂತಹ ಪ್ರದೇಶಗಳಲ್ಲಿ ಮೊದಲು ನೋಡಿದ ವೈದ್ಯರ ತೀರ್ಮಾನವೇ ನಿರ್ಣಾಯಕ. ರೋಗದ ಸಂಶಯ ಬಲವಾಗಿದ್ದು, ರಕ್ತಸ್ರಾವದ ಅಪಾಯ ಹೆಚ್ಚಿಲ್ಲದಿದ್ದರೆ, ಸ್ಕ್ಯಾನ್ ಫಲಿತಾಂಶಕ್ಕೆ ಕಾಯದೆ ಹೆಪಾರಿನ್‌ನಂತಹ ಹೆಪ್ಪುನಿರೋಧಕ ಔಷಧವನ್ನು ಆರಂಭಿಸಿ ರೋಗಿಯನ್ನು ಕಳುಹಿಸುವುದು ವೈದ್ಯಕೀಯವಾಗಿ ಅಂಗೀಕೃತ ಕ್ರಮ. ಈ ಔಷಧವು ಹೆಪ್ಪು ಬೆಳೆಯುವುದನ್ನು ಹಾಗೂ ಹೊಸ ಹೆಪ್ಪು ಮೂಡುವುದನ್ನು ತಡೆಯುತ್ತದೆ. ಇರುವ ಹೆಪ್ಪನ್ನು ದೇಹವೇ ಕ್ರಮೇಣ ಕರಗಿಸುತ್ತದೆ.