ಬಂಧವೆಂಬ ಅತಿಚಾರ ಮತ್ತು ಮನೋರೋಗಿಯ ಶುಶ್ರೂಷೆ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಆಚಾರ್ಯ ಉಮಾಸ್ವಾಮಿಗಳು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಮೊದಲನೆಯದು ಬಂಧ, ಅಂದರೆ ಕಟ್ಟಿಹಾಕುವುದು. ಕೊನೆಯದು ಅನ್ನಪಾನಗಳನ್ನು ತಡೆಯುವುದು. ಇವನ್ನು ದನಕರುಗಳ ವಿಷಯವಾಗಿ ನೆನೆಯುವುದು ವಾಡಿಕೆ. ಮನೋರೋಗ ಚಿಕಿತ್ಸೆಯ ಇತಿಹಾಸವನ್ನು ನೋಡಿದರೆ, ಮನುಷ್ಯರಿಗೂ ಇದೇ ಅತಿಚಾರ ಎಷ್ಟು ಸಹಜವಾಗಿ ನಡೆದುಬಂದಿತೆಂಬುದು ತಿಳಿಯುತ್ತದೆ.

1912ರ ಭಾರತೀಯ ಹುಚ್ಚರ ಕಾಯಿದೆಯು ರೋಗಿಯನ್ನು ಬಹುಮಟ್ಟಿಗೆ ಕಾವಲಿನಲ್ಲಿಡಬೇಕಾದವನೆಂದೇ ಎಣಿಸಿತ್ತು. ಮ್ಯಾಜಿಸ್ಟ್ರೇಟರ ಆಜ್ಞೆಯಿಂದ ಒಳಸೇರಿದವರಲ್ಲಿ ಅನೇಕರಿಗೆ ಆಸ್ಪತ್ರೆಯೇ ಕಡೆಯ ಮನೆಯಾಯಿತು.

ಈ ಪದ್ಧತಿಗೆ ಬೇರೊಂದು ದಾರಿಯನ್ನು ತೋರಿಸಿದವರು ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರರು. 1950ರ ದಶಕದಲ್ಲಿ ಅವರು ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ಮನೆಯವರು ರೋಗಿಯೊಡನೆಯೇ ತಂಗುವಂತೆ ಮಾಡಿದರು. ಬಂಧುಗಳು ರೋಗದ ಸ್ವರೂಪವನ್ನೂ ಆರೈಕೆಯ ಕ್ರಮವನ್ನೂ ಕಲಿತರು. ರೋಗಿಗಳು ಬೇಗನೆ ಮನೆಗೆ ಮರಳಿದರು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜೂ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯೂ ಕುಟುಂಬವನ್ನು ಚಿಕಿತ್ಸೆಯಲ್ಲಿ ಸೇರಿಸಿಕೊಂಡವು. ವಿಶ್ವ ಆರೋಗ್ಯ ಸಂಸ್ಥೆಯು ಒಂಬತ್ತು ದೇಶಗಳಲ್ಲಿ ನಡೆಸಿದ ಸ್ಕಿಜೋಫ್ರೇನಿಯಾ ಅಧ್ಯಯನದಲ್ಲಿ, ಆಗ್ರಾದ ರೋಗಿಗಳ ಚೇತರಿಕೆ ಸಿರಿವಂತ ನಾಡುಗಳ ರೋಗಿಗಳಿಗಿಂತ ಉತ್ತಮವಾಗಿ ಕಂಡಿತು. ಕಾರಣದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೂ, ಕುಟುಂಬದ ಆಸರೆಯನ್ನು ಅನೇಕರು ಎತ್ತಿಹೇಳಿದ್ದಾರೆ.

ಆದರೂ ಸಂಕೋಲೆ ಅಳಿಯಲಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ರೋಗಿಗಳು ಓಡಲಾರದೆ ಹೋದರು. 28 ಜೀವಗಳು ಬೆಂದುಹೋದವು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಸರಪಳಿ ಬಿಗಿಯುವುದನ್ನು ಸಂಪೂರ್ಣವಾಗಿ ನಿಷೇಧಿಸಿತು. ಮನೆಯವರು ಒಪ್ಪಲಿಲ್ಲವೆಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಕೂಡದೆಂದೂ ವಿಧಿಸಿತು.

ರೋಗ ಉಲ್ಬಣಿಸಿ ಪ್ರಾಣಾಪಾಯವಿರುವಾಗ ಆಸ್ಪತ್ರೆಗೆ ಸೇರಿಸುವುದು ರಕ್ಷಣೆಯೇ ಹೊರತು ಅತಿಚಾರವಲ್ಲ. ಹಿಂಸೆಗೆ ಪ್ರಮಾದವೇ ಮೂಲವೆಂದು ಆಗಮವು ಹೇಳುತ್ತದೆ. ಗುಣವಾದ ಮೇಲೂ ಲೋಕಲಜ್ಜೆಯಿಂದಲೋ ಆಸ್ತಿಯ ಲೆಕ್ಕದಿಂದಲೋ ಮಗಳನ್ನು, ತಮ್ಮನನ್ನು ಅಲ್ಲಿಯೇ ಬಿಟ್ಟುಬಿಡುವುದು ಕಬ್ಬಿಣವಿಲ್ಲದ ಬಂಧ. ಶ್ರಾವಕನ ವ್ರತಕ್ಕೆ ಇದರಿಂದ ದೋಷ ತಗಲದೆ ಇರಲಾರದು. ಔಷಧದಾನ, ಅಭಯದಾನಗಳನ್ನು ನಡೆಸಿಕೊಂಡು ಬಂದಿರುವ ಬಸದಿಗಳ ಟ್ರಸ್ಟುಗಳು, ರೋಗಿಯೊಡನೆ ದೂರದಿಂದ ಬರುವ ಬಂಧುಗಳಿಗೆ ಆಸ್ಪತ್ರೆಯ ಸಮೀಪ ವಸತಿಯನ್ನೂ ಶುದ್ಧ ಆಹಾರವನ್ನೂ ಒದಗಿಸಿದರೆ, ಅಮೃತಸರದ ಆ ಡೇರೆಗಳ ಕಾರ್ಯವೇ ಮುಂದುವರಿದಂತಾದೀತು.