ಮೌನವಾಗುತ್ತಿರುವ ದೂರದ ಬಾನುಲಿಗಳು, ಇನ್ನೂ ಕಿವಿಗೊಟ್ಟಿರುವ ಹವ್ಯಾಸಿಗಳು

2020ರ ಜನವರಿ 31ರಂದು ಬಿಬಿಸಿ ಹಿಂದಿ ಸೇವೆಯ ಶಾರ್ಟ್‌ವೇವ್ ಪ್ರಸಾರ ಕೊನೆಗೊಂಡಿತು. 1940ರ ಮೇ 11ರಂದು ಹಿಂದೂಸ್ತಾನಿ ಸೇವೆಯಾಗಿ ಆರಂಭವಾಗಿದ್ದ ಈ ಪ್ರಸಾರಕ್ಕೆ ಆಗ ಎಂಬತ್ತು ವರ್ಷ ತುಂಬಲು ಕೆಲವೇ ತಿಂಗಳುಗಳು ಉಳಿದಿದ್ದವು. ವಿಪರ್ಯಾಸವೆಂದರೆ, ಅದಕ್ಕೂ ಆರು ತಿಂಗಳ ಮುಂಚೆ, 2019ರ ಆಗಸ್ಟ್‌ನಲ್ಲಿ ಜಮ್ಮು ಮತ್ತು ಕಾಶ್ಮೀರದಲ್ಲಿ ದೂರವಾಣಿ ಮತ್ತು ಅಂತರ್ಜಾಲ ಸಂಪರ್ಕ ಕಡಿತಗೊಂಡಾಗ ಇದೇ ಸಂಸ್ಥೆ ಅಲ್ಲಿನ ಕೇಳುಗರಿಗಾಗಿ ತನ್ನ ಶಾರ್ಟ್‌ವೇವ್ ಪ್ರಸಾರದ ಅವಧಿಯನ್ನು ಹೆಚ್ಚಿಸಿತ್ತು. ಬೇರೆಲ್ಲ ಸಂಪರ್ಕಗಳು ನಿಂತಾಗ ನೆರವಿಗೆ ಬಂದ ಮಾಧ್ಯಮವೇ ದುಬಾರಿಯೆಂಬ ಕಾರಣಕ್ಕೆ ಮೊದಲು ಮುಚ್ಚಲ್ಪಡುತ್ತದೆ. ದೂರದ ಎಎಂ ಬಾನುಲಿ ಪ್ರಸಾರದ ಇತ್ತೀಚಿನ ಕಾಲು ಶತಮಾನದ ಚರಿತ್ರೆಯಲ್ಲಿ ಇದು ಮತ್ತೆ ಮತ್ತೆ ಕಾಣುವ ಸಂಗತಿ.

ಅಲೆಗಳ ಸಂಚಾರ

ಧ್ವನಿಯ ಏರಿಳಿತಕ್ಕೆ ತಕ್ಕಂತೆ ರೇಡಿಯೊ ಅಲೆಯ ಎತ್ತರವನ್ನು ಬದಲಿಸುವ ಪ್ರಸಾರ ವಿಧಾನವೇ ಎಎಂ. ಲಾಂಗ್‌ವೇವ್, ಮೀಡಿಯಂ ವೇವ್ ಮತ್ತು ಶಾರ್ಟ್‌ವೇವ್ ಎಂಬ ಮೂರೂ ವಿಭಾಗಗಳಲ್ಲಿ ಬಹುಕಾಲ ಇದೇ ವಿಧಾನ ಬಳಕೆಯಲ್ಲಿದೆ. ನಮ್ಮಲ್ಲಿ ಮೀಡಿಯಂ ವೇವ್ ಕೇಂದ್ರಗಳು 531ರಿಂದ 1602 ಕಿಲೋಹರ್ಟ್ಸ್‌ವರೆಗೆ ಒಂಬತ್ತು ಒಂಬತ್ತರ ಅಂತರದಲ್ಲಿ ನೆಲೆಸಿವೆ. ಬೆಂಗಳೂರಿನ 612, ಧಾರವಾಡದ 765, ಭದ್ರಾವತಿಯ 675, ಕಲಬುರಗಿಯ 1107, ಮಂಗಳೂರಿನ 1089 ಎಂಬ ಅಂಕಿಗಳು ಹಳೆಯ ತಲೆಮಾರಿನ ಕೇಳುಗರಿಗೆ ಮನೆಯ ವಿಳಾಸದಷ್ಟೇ ಪರಿಚಿತ.

ಹಗಲಿನಲ್ಲಿ ಮೀಡಿಯಂ ವೇವ್ ಅಲೆಗಳು ನೆಲವನ್ನು ಅನುಸರಿಸಿ ನೂರಿನ್ನೂರು ಕಿಲೋಮೀಟರ್ ಸಾಗುವಷ್ಟರಲ್ಲಿ ಕ್ಷೀಣಿಸುತ್ತವೆ. ಮೇಲಕ್ಕೆ ಹೋದ ಅಲೆಗಳನ್ನು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ, ಸೂರ್ಯನ ಬೆಳಕಿನಿಂದ ಉಂಟಾಗುವ ಅಯಾನುಗೋಳದ 'ಡಿ' ಪದರ ಹೀರಿಕೊಳ್ಳುತ್ತದೆ. ಸೂರ್ಯಾಸ್ತವಾದೊಡನೆ ಈ ಪದರ ಕರಗುತ್ತದೆ. ಆಗ ಅಲೆಗಳು ಇನ್ನೂ ಮೇಲೇರಿ, ಎತ್ತರದ ಪದರಗಳಿಂದ ಹಿಂದಿರುಗಿ, ಸಾವಿರಾರು ಕಿಲೋಮೀಟರ್ ದೂರದ ನೆಲವನ್ನು ತಲುಪುತ್ತವೆ. ಹಗಲು ಜಿಲ್ಲೆಯ ಗಡಿ ದಾಟದ ಕೇಂದ್ರವೊಂದು ಇರುಳಿನಲ್ಲಿ ಸಮುದ್ರದಾಚೆ ಕೇಳಿಸುವುದು ಈ ಕಾರಣದಿಂದ. ಶಾರ್ಟ್‌ವೇವ್ ಅಲೆಗಳು ಹಗಲಿನಲ್ಲಿಯೂ ಹೀಗೆ ಪುಟಿಯಬಲ್ಲವು. ನೆಲಕ್ಕೂ ಆಕಾಶಕ್ಕೂ ನಡುವೆ ಹಲವು ಬಾರಿ ಪುಟಿದು ಭೂಮಿಯ ಇನ್ನೊಂದು ಮಗ್ಗುಲಿಗೆ ಹೋಗಬಲ್ಲವು.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಪ್ರಸಾರ ಮಾಡುವವನಿಗೂ ಕೇಳುವವನಿಗೂ ನಡುವೆ ಕಂಪನಿಯಾಗಲಿ, ಕೇಬಲ್ಲಾಗಲಿ, ಗೋಪುರವಾಗಲಿ ಇಲ್ಲ. ಕೇಳುವ ನಾಡಿನ ಸರ್ಕಾರ ಅದೇ ಕಂಪನಾಂಕದಲ್ಲಿ ಗದ್ದಲ ಎಬ್ಬಿಸಿ ತಡೆಯಲು ಯತ್ನಿಸಬಹುದು. ಆದರೆ ಗುಂಡಿಯೊಂದನ್ನು ಒತ್ತಿ ನಿಲ್ಲಿಸಲಾರದು. ಯಾರು, ಯಾವಾಗ, ಏನನ್ನು ಕೇಳಿದರೆಂಬ ದಾಖಲೆಯೂ ಎಲ್ಲಿಯೂ ಉಳಿಯುವುದಿಲ್ಲ. 1984ರ ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿಯವರ ನಿಧನದ ಸುದ್ದಿಯನ್ನು ಆಕಾಶವಾಣಿ ಸಂಜೆಯವರೆಗೆ ಪ್ರಕಟಿಸಲಿಲ್ಲ. ಅಷ್ಟರಲ್ಲಿ ದೇಶದ ಅಸಂಖ್ಯ ಮಂದಿ ಬಿಬಿಸಿಯ ಮೂಲಕ ವಿಷಯ ತಿಳಿದುಕೊಂಡಿದ್ದರು. ಪಶ್ಚಿಮ ಬಂಗಾಳದ ಪ್ರವಾಸದಲ್ಲಿದ್ದ ರಾಜೀವ್ ಗಾಂಧಿಯವರೂ ಖಚಿತ ಮಾಹಿತಿಗಾಗಿ ಅದೇ ಪ್ರಸಾರಕ್ಕೆ ಕಿವಿಗೊಟ್ಟಿದ್ದರು.

ಕೊಲಂಬೊದಿಂದ ಯಲಹಂಕದವರೆಗೆ

ದೂರದ ಪ್ರಸಾರವೆಂದರೆ ರಾಜಕೀಯ ಸುದ್ದಿ ಮಾತ್ರವಲ್ಲ. ಸಚಿವ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ, 1950ರ ದಶಕದ ಆರಂಭದಲ್ಲಿ, ಆಕಾಶವಾಣಿ ಚಲನಚಿತ್ರ ಗೀತೆಗಳನ್ನು ದೂರವಿಟ್ಟಾಗ ಭಾರತೀಯ ಕೇಳುಗರು ರೇಡಿಯೊ ಸಿಲೋನ್‌ನತ್ತ ಮುಳ್ಳು ತಿರುಗಿಸಿದರು. ಎರಡನೆಯ ಮಹಾಯುದ್ಧದ ಸೈನಿಕರಿಗಾಗಿ ಸ್ಥಾಪಿಸಿದ್ದ ಪ್ರಬಲ ಶಾರ್ಟ್‌ವೇವ್ ಪ್ರಸಾರಯಂತ್ರ ಸಿಲೋನ್‌ಗೆ ಉಳಿದುಬಂದಿತ್ತು. ಅಮೀನ್ ಸಯಾನಿಯವರ 'ಬಿನಾಕಾ ಗೀತ್‌ಮಾಲಾ' 1952ರಲ್ಲಿ ಆರಂಭವಾದದ್ದು ಅಲ್ಲಿಂದಲೇ. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿಕೊಂಡುದಕ್ಕೆ ಈ ಸ್ಪರ್ಧೆಯೂ ಕಾರಣ. ಗಡಿಯಾಚೆಯ ಒಂದು ಕೇಂದ್ರ ದೇಶವೊಂದರ ಪ್ರಸಾರ ನೀತಿಯನ್ನೇ ಬದಲಿಸಿದ ಇಂಥ ನಿದರ್ಶನಗಳು ವಿರಳ.

ಕರ್ನಾಟಕಕ್ಕೆ ಈ ಚರಿತ್ರೆಯಲ್ಲಿ ತನ್ನದೇ ಪಾಲಿದೆ. ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ 30 ವಾಟ್ ಸಾಮರ್ಥ್ಯದ ಯಂತ್ರದಿಂದ ಪ್ರಸಾರ ಆರಂಭಿಸಿದರು. ಹಳೆಯ ಮಾದರಿಯ ಒಂದು ಟ್ಯೂಬ್‌ಲೈಟ್‌ಗಿಂತಲೂ ಕಡಿಮೆ ಶಕ್ತಿ ಅದು. ಆ ಶತಮಾನ ಮುಗಿಯುವ ಮುನ್ನವೇ ಬೆಂಗಳೂರಿನ ಯಲಹಂಕದ ಬಳಿ ಆಕಾಶವಾಣಿಯ ತಲಾ 500 ಕಿಲೋವ್ಯಾಟ್‌ನ ಶಾರ್ಟ್‌ವೇವ್ ಪ್ರಸಾರಯಂತ್ರಗಳು ತಲೆಯೆತ್ತಿದವು. ಒಟ್ಟು ಆರು ಯಂತ್ರಗಳ ಈ ಕೇಂದ್ರದ ಸದ್ದು ಯೂರೋಪು, ಆಫ್ರಿಕಾ, ಆಗ್ನೇಯ ಏಷ್ಯಾಗಳಲ್ಲಿ ಕೇಳಿಸಿತು. ಆಕಾಶವಾಣಿಯ ವಿದೇಶ ಪ್ರಸಾರ ವಿಭಾಗ ಕೊಲ್ಲಿ ರಾಷ್ಟ್ರಗಳ ಕನ್ನಡಿಗರಿಗಾಗಿ ಶಾರ್ಟ್‌ವೇವ್‌ನಲ್ಲಿ ಕನ್ನಡ ಕಾರ್ಯಕ್ರಮವನ್ನೂ ನಡೆಸಿತ್ತು. ತಮ್ಮ ನಗರದಿಂದ ಹೊರಟ ಧ್ವನಿ ಫಿನ್ಲೆಂಡ್‌ನ ಹವ್ಯಾಸಿಯೊಬ್ಬನ ದಿನಚರಿಯಲ್ಲಿ ದಾಖಲಾಗುತ್ತಿತ್ತೆಂಬುದು ಬೆಂಗಳೂರಿನ ಬಹುತೇಕರಿಗೆ ತಿಳಿದೇ ಇಲ್ಲ.

ಮುಚ್ಚಿದ ಕೇಂದ್ರಗಳ ಸಾಲು

2001ರ ಜುಲೈ 1ರಂದು ಬಿಬಿಸಿ ಉತ್ತರ ಅಮೆರಿಕ ಮತ್ತು ಆಸ್ಟ್ರೇಲಿಯಾ ಕಡೆಗಿನ ಶಾರ್ಟ್‌ವೇವ್ ಪ್ರಸಾರ ನಿಲ್ಲಿಸಿದ್ದು ಹಿನ್ನಡೆಯ ಆರಂಭವೆನ್ನಬಹುದು. 2004ರಲ್ಲಿ ಸ್ವಿಟ್ಜರ್ಲೆಂಡ್, 2010ರಲ್ಲಿ ಸ್ವೀಡನ್, 2012ರಲ್ಲಿ ಕೆನಡಾ ಮತ್ತು ನೆದರ್ಲೆಂಡ್ಸ್, 2014ರಲ್ಲಿ ರಷ್ಯಾ, 2017ರ ಜನವರಿ ಅಂತ್ಯದಲ್ಲಿ ಆಸ್ಟ್ರೇಲಿಯಾ ತಮ್ಮ ಅಂತಾರಾಷ್ಟ್ರೀಯ ಶಾರ್ಟ್‌ವೇವ್ ಸೇವೆಗಳನ್ನು ಕೈಬಿಟ್ಟವು. ಜರ್ಮನಿಯ ರಾಷ್ಟ್ರೀಯ ಬಾನುಲಿ 2014ರ ಕೊನೆಗೆ ಲಾಂಗ್‌ವೇವನ್ನೂ 2015ರ ಕೊನೆಗೆ ಮೀಡಿಯಂ ವೇವನ್ನೂ ತ್ಯಜಿಸಿತು. ಐರ್ಲೆಂಡ್‌ನ 252 ಕಿಲೋಹರ್ಟ್ಸ್ ಲಾಂಗ್‌ವೇವ್ ಪ್ರಸಾರ 2023ರ ಏಪ್ರಿಲ್‌ನಲ್ಲಿ ನಿಂತಿತು. ಭಾರತದಲ್ಲಿ, 1988ರಲ್ಲಿ ಆರಂಭವಾಗಿ ನಾಗಪುರದ 1000 ಕಿಲೋವ್ಯಾಟ್ ಯಂತ್ರದ ಮೂಲಕ ಇರುಳಿಡೀ ದೇಶವನ್ನು ತಲುಪುತ್ತಿದ್ದ ಆಕಾಶವಾಣಿಯ ರಾಷ್ಟ್ರೀಯ ವಾಹಿನಿಯನ್ನು ಮುಚ್ಚಲು ಪ್ರಸಾರ ಭಾರತಿ 2018ರ ಕೊನೆಯಲ್ಲಿ ಆದೇಶಿಸಿತು. ಮಿತವ್ಯಯವೇ ಅದಕ್ಕೆ ಕೊಟ್ಟ ಮುಖ್ಯ ಕಾರಣ.

ವೆಚ್ಚದ ಮಾತು ಸುಳ್ಳಲ್ಲ. 1000 ಕಿಲೋವ್ಯಾಟ್ ಯಂತ್ರ ಒಂದು ಗಂಟೆ ನಡೆದರೆ ಕನಿಷ್ಠ 1000 ಯೂನಿಟ್ ವಿದ್ಯುತ್ ಬೇಕು. ಮಧ್ಯಮ ವರ್ಗದ ಮನೆಯೊಂದು ಹಲವು ತಿಂಗಳು ಬಳಸುವಷ್ಟು ವಿದ್ಯುತ್ ಅದು. ಎಎಂ ವಿಧಾನದಲ್ಲಿ ಧ್ವನಿ ಗರಿಷ್ಠ ಮಟ್ಟದಲ್ಲಿದ್ದಾಗಲೂ ಶಕ್ತಿಯ ಮೂರನೇ ಎರಡು ಭಾಗ ಏನನ್ನೂ ಹೇಳದ ವಾಹಕ ಅಲೆಗೇ ವ್ಯಯವಾಗುತ್ತದೆ. ಇದರೊಂದಿಗೆ ನೂರಾರು ಎಕರೆ ಜಮೀನು, ಎತ್ತರದ ಸ್ತಂಭಗಳು, ಬಿಡಿಭಾಗ ಸಿಗದ ಹಳೆಯ ಯಂತ್ರಗಳು. ಲೆಕ್ಕಪತ್ರ ನೋಡುವ ಅಧಿಕಾರಿಗೆ ಬೇರೆ ನೆಪ ಬೇಕಿಲ್ಲ. ಆದರೆ ಆ ಲೆಕ್ಕದಲ್ಲಿ ಕೇಳುಗ ತಲಾ ಒಂದು ಅಗ್ಗದ ರೇಡಿಯೊ ಹೊರತು ಬೇರೇನನ್ನೂ ಕೊಳ್ಳಬೇಕಿಲ್ಲ ಎಂಬುದಕ್ಕೆ ಕಾಲಂ ಇರುವುದಿಲ್ಲ.

ಪರ್ಯಾಯವೆಂದು ಬಂದ ಡಿಆರ್‌ಎಂ ಎಂಬ ಡಿಜಿಟಲ್ ಪದ್ಧತಿ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಸ್ಪಷ್ಟ ಧ್ವನಿ ಕೊಡುತ್ತದೆ. ಆಕಾಶವಾಣಿ ಬೆಂಗಳೂರು ಸೇರಿದಂತೆ ದೇಶದ ಹಲವೆಡೆ ಇಂಥ ಯಂತ್ರಗಳನ್ನು ಸ್ಥಾಪಿಸಿತು. ಕೆಲವು ಕಾರುಗಳಲ್ಲಿ ಡಿಆರ್‌ಎಂ ರೇಡಿಯೊ ಬಂದರೂ ಬಡವರ ಕೈಗೆಟುಕುವ ಬೆಲೆಯ ಕೈರೇಡಿಯೊ ಮಾರುಕಟ್ಟೆಗೆ ಬರಲಿಲ್ಲ. ಯಂತ್ರವಿದ್ದೂ ಕೇಳುಗರಿಲ್ಲದ ಸ್ಥಿತಿ ಉಂಟಾಯಿತು.

ಕೇಂದ್ರಗಳು ಉಳಿದೆಡೆಯೂ ಕೇಳಿಸುವುದು ಕಷ್ಟವಾಗುತ್ತಿದೆ. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಯುಪಿಎಸ್, ಸೌರಫಲಕದ ಇನ್ವರ್ಟರ್ ಇವೆಲ್ಲ ಇದೇ ಕಂಪನಾಂಕಗಳಲ್ಲಿ ಗೊರಗೊರ ಸದ್ದು ಸೂಸುತ್ತವೆ. ವಿದ್ಯುತ್ ವಾಹನಗಳ ಮೋಟಾರಿನ ಸದ್ದನ್ನು ಮುಂದಿಟ್ಟು ಕಾರು ತಯಾರಕರು ಎಎಂ ರೇಡಿಯೊವನ್ನೇ ಕೈಬಿಡಲು ಮುಂದಾದರು. 2023ರಲ್ಲಿ ಅಮೆರಿಕದ ಫೋರ್ಡ್ ಕಂಪನಿ ಹೀಗೆ ಪ್ರಕಟಿಸಿತು. ತುರ್ತು ಎಚ್ಚರಿಕೆಗಳು ಜನರನ್ನು ತಲುಪುವುದು ಎಎಂ ಮೂಲಕವೇ ಎಂದು ಸಂಸತ್ ಸದಸ್ಯರು ಆಕ್ಷೇಪಿಸಿದ ಮೇಲೆ ಕೆಲವೇ ವಾರಗಳಲ್ಲಿ ನಿರ್ಧಾರ ಹಿಂಪಡೆಯಿತು.

ದೂರವನ್ನು ಬೇಟೆಯಾಡುವವರು

ಇಷ್ಟೆಲ್ಲದರ ನಡುವೆ ಈ ಬದಲಾವಣೆಯನ್ನು ದಿನದಿನವೂ ಬರೆದಿಡುತ್ತ ಬಂದವರು ಹವ್ಯಾಸಿ ಆಲಿಸುಗರು. ದೂರವನ್ನು ಸೂಚಿಸುವ ತಂತಿ ಸಂಕೇತದಿಂದ ಬಂದ 'ಡಿಎಕ್ಸ್' ಪದದಿಂದಾಗಿ ಇವರಿಗೆ ಡಿಎಕ್ಸರ್‌ಗಳೆಂಬ ಹೆಸರು. ಪರವಾನಗಿ ಪಡೆದು ತಾವೇ ಮಾತನಾಡುವ ಹ್ಯಾಮ್‌ಗಳಿಗಿಂತ ಇವರು ಭಿನ್ನ. ಇವರದು ಕೇಳುವ ಕೆಲಸ ಮಾತ್ರ. (ನಮ್ಮಲ್ಲಿ ಒಂದು ಕಾಲಕ್ಕೆ ರೇಡಿಯೊ ಕೇಳಲೂ ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಪರವಾನಗಿ ಪಡೆಯಬೇಕಿತ್ತು ಎಂಬುದು ಬೇರೆ ಮಾತು.)

ಕೇಂದ್ರವೊಂದನ್ನು ಕೇಳಿದವರು ದಿನಾಂಕ, ಜಾಗತಿಕ ಸಮಯ, ಕಂಪನಾಂಕ ಮತ್ತು ಕೇಳಿಸಿದ ಕಾರ್ಯಕ್ರಮದ ವಿವರ ಬರೆದು, ಧ್ವನಿಯ ಗುಣಮಟ್ಟವನ್ನು 'ಸಿನ್ಪೊ' ಎಂಬ ಐದಂಕಿಯ ಸಂಕೇತದಲ್ಲಿ ಸೂಚಿಸಿ ಕೇಂದ್ರಕ್ಕೆ ವರದಿ ಕಳುಹಿಸುತ್ತಾರೆ. ಸಿಗ್ನಲ್‌ನ ಬಲ, ಪಕ್ಕದ ಕೇಂದ್ರಗಳ ಅಡಚಣೆ, ವಾತಾವರಣದ ಗದ್ದಲ, ಏರಿಳಿತ, ಒಟ್ಟು ಫಲ ಇವುಗಳಿಗೆ ಒಂದರಿಂದ ಐದರವರೆಗೆ ಅಂಕ. 55555 ಎಂದರೆ ಪರಿಪೂರ್ಣ. ಅಂಥದ್ದರಲ್ಲಿ ನಿಜವಾದ ಹವ್ಯಾಸಿಗೆ ಹೆಚ್ಚು ಆಸಕ್ತಿಯಿಲ್ಲ. ವರದಿ ಸರಿಯಿದ್ದರೆ ಕೇಂದ್ರ 'ಕ್ಯೂಎಸ್‌ಎಲ್' ಎಂಬ ದೃಢೀಕರಣ ಕಾರ್ಡ್ ಕಳುಹಿಸುತ್ತದೆ. ಆಕಾಶವಾಣಿಯೂ ಇಂಥ ಕಾರ್ಡ್‌ಗಳನ್ನು ನೀಡಿದೆ. ಇದು ಕೇವಲ ಸಂಗ್ರಹದ ಗೀಳಲ್ಲ. ಸಾವಿರಾರು ಮೈಲಿ ದೂರದಲ್ಲಿ ತಮ್ಮ ಪ್ರಸಾರ ಹೇಗೆ ಕೇಳಿಸುತ್ತಿದೆಯೆಂದು ತಿಳಿಯಲು ಎಂಜಿನಿಯರ್‌ಗಳಿಗೆ ಬಹುಕಾಲ ಈ ಪತ್ರಗಳೇ ಆಧಾರವಾಗಿದ್ದವು. 1947ರಲ್ಲಿ ಡೆನ್ಮಾರ್ಕ್‌ನಲ್ಲಿ ಆರಂಭವಾದ 'ವರ್ಲ್ಡ್ ರೇಡಿಯೊ ಟಿವಿ ಹ್ಯಾಂಡ್‌ಬುಕ್' ಎಂಬ ವಾರ್ಷಿಕ ಕೈಪಿಡಿಗೂ ಜಗತ್ತಿನಾದ್ಯಂತದ ಹವ್ಯಾಸಿಗಳ ಮಾಹಿತಿ ಹರಿದುಬಂತು.

ಹವ್ಯಾಸದ ತುತ್ತತುದಿಯನ್ನು ನೋಡಬೇಕಾದರೆ ಫಿನ್ಲೆಂಡ್‌ನ ಲ್ಯಾಪ್‌ಲ್ಯಾಂಡ್‌ಗೆ ಹೋಗಬೇಕು. ಚಳಿಗಾಲದಲ್ಲಿ ಅಲ್ಲಿ ವಾರಗಟ್ಟಲೆ ಸೂರ್ಯೋದಯವಿಲ್ಲ. ಎಂದರೆ ಮೀಡಿಯಂ ವೇವನ್ನು ಹೀರುವ ಪದರದ ಕಾಟವೂ ಇಲ್ಲ. ಲೆಮ್ಮೆನ್‌ಯೋಕಿಯಂಥ ಜನವಿರಳ ಕಾಡುಗಳಲ್ಲಿ ಹವ್ಯಾಸಿಗಳು ಮರದಿಂದ ಮರಕ್ಕೆ ಒಂದು ಕಿಲೋಮೀಟರ್ ಉದ್ದದ 'ಬೆವರೇಜ್' ಆಂಟೆನಾ ತಂತಿ ಎಳೆದು, ಅಮೆರಿಕದ ಸಣ್ಣ ಊರುಗಳ ಕೇಂದ್ರಗಳನ್ನು ಹಿಡಿಯುತ್ತಾರೆ. ಅಮೆರಿಕ ಖಂಡದಲ್ಲಿ ಕೇಂದ್ರಗಳ ನಡುವಿನ ಅಂತರ ಹತ್ತು ಕಿಲೋಹರ್ಟ್ಸ್, ಉಳಿದೆಡೆ ಒಂಬತ್ತು. ಹಾಗಾಗಿ ನ್ಯೂಯಾರ್ಕ್‌ನ 1130ರ ಕೇಂದ್ರ ನಮ್ಮ ಕಡೆಯ 1125 ಮತ್ತು 1134ರ ನಡುವಿನ ಸಂದಿಯಲ್ಲಿ ಇಣುಕುತ್ತದೆ. ಯೂರೋಪಿನ ದೈತ್ಯ ಕೇಂದ್ರಗಳು ಒಂದೊಂದಾಗಿ ಮುಚ್ಚಿದಾಗ ಇವರಿಗೆ ದುಃಖದ ಜತೆ ಒಂದು ಲಾಭವೂ ಆಯಿತು: ಅವುಗಳ ಅಬ್ಬರದಡಿ ಹುದುಗಿದ್ದ ಕ್ಷೀಣ ಧ್ವನಿಗಳು ಕೇಳಿಸತೊಡಗಿದವು.

ಸಾಧನವೂ ಬದಲಾಗಿದೆ. ಹಿಂದೆ ಮುಳ್ಳನ್ನು ಒಂದೊಂದೇ ಕಂಪನಾಂಕಕ್ಕೆ ತಿರುಗಿಸಿ ಕಾಯಬೇಕಿತ್ತು. ಈಗ ಸಾಫ್ಟ್‌ವೇರ್ ರೇಡಿಯೊ ಇಡೀ ಮೀಡಿಯಂ ವೇವ್ ವಿಭಾಗವನ್ನು ಒಟ್ಟಾಗಿ ಹಾರ್ಡ್ ಡಿಸ್ಕ್‌ನಲ್ಲಿ ಮುದ್ರಿಸಿಕೊಳ್ಳುತ್ತದೆ. ಮರುದಿನ ಕುಳಿತು, ಕೇಂದ್ರಗಳು ತಮ್ಮ ಹೆಸರು ಹೇಳುವ ಗಂಟೆಯ ಆರಂಭದ ಕ್ಷಣಗಳನ್ನು ಪ್ರತಿ ಕಂಪನಾಂಕದಲ್ಲೂ ಮತ್ತೆ ಕೇಳಬಹುದು. ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯ 2008ರಲ್ಲಿ ಯಾರಾದರೂ ಅಂತರ್ಜಾಲದ ಮೂಲಕ ತಿರುಗಿಸಬಹುದಾದ ರಿಸೀವರ್ ಆರಂಭಿಸಿತು. ಟಿವಿ ನೋಡಲೆಂದು ಮಾಡಿದ ಅಗ್ಗದ ಯುಎಸ್‌ಬಿ ಸಾಧನಗಳು ರಿಸೀವರ್‌ಗಳಾಗಬಲ್ಲವೆಂದು 2012ರ ವೇಳೆಗೆ ಗೊತ್ತಾದ ಮೇಲೆ ಸಾಫ್ಟ್‌ವೇರ್ ರೇಡಿಯೊ ವಿದ್ಯಾರ್ಥಿಗಳ ಕೈಗೂ ಎಟುಕಿತು. ಬೇರೊಂದು ದೇಶದ ಆಂಟೆನಾ ಮೂಲಕ ಕೇಳಿದ್ದನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದೇ ಎಂಬ ವಾದ ಹವ್ಯಾಸಿಗಳಲ್ಲಿ ಇನ್ನೂ ನಡೆದಿದೆ. ಸೇರಿಸಬಾರದೆಂಬ ಹಿರಿಯರ ನಿಲುವು ನ್ಯಾಯವಾದದ್ದೇ. ಆದರೆ ನಗರದ ಗದ್ದಲದ ನಡುವೆ ಫ್ಲ್ಯಾಟ್‌ನಲ್ಲಿರುವವನಿಗೆ ಬೇರೆ ದಾರಿ ಇಲ್ಲದಿರುವುದೂ ನಿಜ.

ಯುದ್ಧಕಾಲದ ಮರಳಿಕೆ

2022ರ ಮಾರ್ಚ್‌ನಲ್ಲಿ ರಷ್ಯಾದ ಆಕ್ರಮಣದ ಬಳಿಕ ಬಿಬಿಸಿ, ಉಕ್ರೇನ್ ಮತ್ತು ರಷ್ಯಾದ ಕೆಲ ಭಾಗಗಳಿಗಾಗಿ 15735 ಮತ್ತು 5875 ಕಿಲೋಹರ್ಟ್ಸ್‌ನಲ್ಲಿ ದಿನಕ್ಕೆ ನಾಲ್ಕು ಗಂಟೆಗಳ ಇಂಗ್ಲಿಷ್ ಪ್ರಸಾರ ಆರಂಭಿಸಿತು. 2023ರ ಜನವರಿಯಲ್ಲಿ ತನ್ನ ಅರಬ್ಬಿ ಬಾನುಲಿಯನ್ನು ಮುಚ್ಚಿದ ಅದೇ ಸಂಸ್ಥೆ, ಮೇ ತಿಂಗಳಲ್ಲಿ ಸುಡಾನ್‌ನ ಅಂತರ್ಯುದ್ಧದಿಂದಾಗಿ ಅಲ್ಲಿಗೆ ಶಾರ್ಟ್‌ವೇವ್‌ನಲ್ಲಿ ಅರಬ್ಬಿ ತುರ್ತು ಪ್ರಸಾರ ಆರಂಭಿಸಬೇಕಾಯಿತು. ಯಂತ್ರಗಳು ಎಲ್ಲೋ ಉಳಿದಿದ್ದುದರಿಂದ ಇದು ಸಾಧ್ಯವಾಯಿತು. ಸ್ತಂಭಗಳನ್ನು ಒಮ್ಮೆ ಉರುಳಿಸಿದರೆ ವಾರದೊಳಗೆ ಮತ್ತೆ ನಿಲ್ಲಿಸಲಾಗದು. ಕೆನಡಾದ ಸ್ಯಾಕ್‌ವಿಲ್‌ನಲ್ಲಿದ್ದ ಸ್ತಂಭಗಳನ್ನು 2014ರಲ್ಲಿ ಕೆಡವಲಾಗಿದೆ. 2025ರ ಮಾರ್ಚ್‌ನಲ್ಲಿ ಅಮೆರಿಕ ಅಧ್ಯಕ್ಷರ ಆದೇಶದ ಬೆನ್ನಲ್ಲೇ, 1942ರಿಂದ ನಡೆದುಬಂದಿದ್ದ ವಾಯ್ಸ್ ಆಫ್ ಅಮೆರಿಕದ ಸಿಬ್ಬಂದಿಯನ್ನು ರಜೆಯ ಮೇಲೆ ಕಳುಹಿಸಲಾಯಿತು, ಬಹುತೇಕ ಪ್ರಸಾರಗಳು ಸ್ತಬ್ಧವಾದವು. ಪಾಶ್ಚಾತ್ಯರು ತೆರವು ಮಾಡಿದ ಶಾರ್ಟ್‌ವೇವ್‌ನಲ್ಲಿ ಚೀನಾ ಮಾತ್ರ ಹಲವು ಭಾಷೆಗಳಲ್ಲಿ ಪ್ರಸಾರ ಮುಂದುವರಿಸಿದೆ.

ಕೇಳಬಯಸುವವರಿಗೆ

ದೊಡ್ಡ ಉಪಕರಣವೇನೂ ಬೇಡ. ಬ್ಯಾಟರಿಯಿಂದ ನಡೆಯುವ ಎರಡು ಮೂರು ಬ್ಯಾಂಡಿನ ರೇಡಿಯೊ ಸಾಕು. ಇರುಳಿನಲ್ಲಿ ಸುತ್ತಲಿನ ಎಲ್‌ಇಡಿ ದೀಪ, ಚಾರ್ಜರ್‌ಗಳನ್ನು ಆರಿಸಿ ತಾರಸಿಗೆ ಹೋಗುವುದು ಲೇಸು. ಕತ್ತಲು ಪೂರ್ವದಿಂದ ಬರುವುದರಿಂದ ಮುಸ್ಸಂಜೆಗೆ ಮೊದಲು ಪೂರ್ವದ ಕೇಂದ್ರಗಳೂ, ರಾತ್ರಿ ಕಳೆದಂತೆ ಪಶ್ಚಿಮ ಏಷ್ಯಾದ ಅರಬ್ಬಿ, ಪಾರ್ಸಿ ಧ್ವನಿಗಳೂ ಮೀಡಿಯಂ ವೇವ್‌ನಲ್ಲಿ ಮೂಡುತ್ತವೆ. ಬೆಳಗಿನ ಜಾವ ಕಡೆಗೆ ಮರೆಯಾಗುವುದೂ ಪಶ್ಚಿಮದವೇ. ರೇಡಿಯೊದೊಳಗಿನ ಫೆರೈಟ್ ಕಡ್ಡಿಯ ತುದಿ ಯಾವ ಕೇಂದ್ರದತ್ತ ಇರುವುದೋ ಅದು ಅತಿ ಕ್ಷೀಣವಾಗಿ ಕೇಳಿಸುತ್ತದೆ. ಆದ್ದರಿಂದ ಎರಡು ಕೇಂದ್ರಗಳು ಒಂದರ ಮೇಲೊಂದು ಬಂದಾಗ ರೇಡಿಯೊವನ್ನು ನಿಧಾನವಾಗಿ ತಿರುಗಿಸಬೇಕು. ಒಂದು ಅಡಗಿ ಇನ್ನೊಂದು ಮೇಲೇಳುತ್ತದೆ. ಗಂಟೆ ತುಂಬುವುದಕ್ಕೆ ಒಂದೆರಡು ನಿಮಿಷ ಮುಂಚೆ ಕೈಯಲ್ಲಿ ಪುಸ್ತಕ, ಲೇಖನಿ ಇರಲಿ.