ಇಮ್ಯಾಟಿನಿಬ್‌ನ ಮೊದಲ ಹಂತದ ಪ್ರಯೋಗ

ಇಮ್ಯಾಟಿನಿಬ್‌ನ ಮೊದಲ ಹಂತದ ಪ್ರಯೋಗವು ಈ ಕ್ಯಾನ್ಸರ್ ಔಷಧವನ್ನು ಮೊತ್ತಮೊದಲು ಮನುಷ್ಯರಿಗೆ ನೀಡಿ ಅದರ ಸುರಕ್ಷತೆಯನ್ನು ಪರೀಕ್ಷಿಸಿದ ವೈದ್ಯಕೀಯ ಪ್ರಯೋಗವಾಗಿದೆ. ಇದು 1998ರ ಜೂನ್ ತಿಂಗಳಿನಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ವೈದ್ಯ ಬ್ರಯಾನ್ ಡ್ರೂಕರ್ ಇದರ ನೇತೃತ್ವ ವಹಿಸಿದ್ದರು. ಆಗ ಈ ಔಷಧಕ್ಕೆ ಎಸ್‌ಟಿಐ571 ಎಂಬ ಸಂಕೇತನಾಮವಿತ್ತು.

ಹಿನ್ನೆಲೆ

ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ಒಂದು ಬಗೆಯ ರಕ್ತದ ಕ್ಯಾನ್ಸರ್. ಈ ರೋಗದಲ್ಲಿ 9 ಮತ್ತು 22ನೆಯ ವರ್ಣತಂತುಗಳ ತುಣುಕುಗಳು ಪರಸ್ಪರ ಸ್ಥಳ ಬದಲಿಸುತ್ತವೆ. ಇದರಿಂದ ಉಂಟಾಗುವ ಬಿಸಿಆರ್-ಎಬಿಎಲ್ ಎಂಬ ಪ್ರೋಟೀನು ಬಿಳಿ ರಕ್ತಕಣಗಳನ್ನು ಮಿತಿಮೀರಿ ಹೆಚ್ಚಿಸುತ್ತದೆ. ಇಮ್ಯಾಟಿನಿಬ್ ಈ ಪ್ರೋಟೀನಿನ ಕಾರ್ಯವನ್ನು ತಡೆಯುತ್ತದೆ.

ವಿಧಾನ

ಮೊದಲ ಹಂತದ ಪ್ರಯೋಗದ ಮುಖ್ಯ ಉದ್ದೇಶ ರೋಗವನ್ನು ಗುಣಪಡಿಸುವುದಲ್ಲ. ದೇಹವು ಎಷ್ಟು ಪ್ರಮಾಣದ ಔಷಧವನ್ನು ತಾಳಿಕೊಳ್ಳಬಲ್ಲದು ಎಂಬುದನ್ನು ತಿಳಿಯುವುದು. ಕ್ಯಾನ್ಸರ್ ಔಷಧಗಳು ಆರೋಗ್ಯವಂತರಿಗೆ ಹಾನಿ ಮಾಡಬಹುದಾದ್ದರಿಂದ ಸಾಮಾನ್ಯವಾಗಿ ರೋಗಿಗಳೇ ಇದರಲ್ಲಿ ಭಾಗವಹಿಸುತ್ತಾರೆ. ಒಂದು ಸಣ್ಣ ಗುಂಪಿಗೆ ಕಡಿಮೆ ಪ್ರಮಾಣದ ಔಷಧ ನೀಡಿ, ತೀವ್ರ ತೊಂದರೆ ಕಾಣದಿದ್ದರೆ ಮುಂದಿನ ಗುಂಪಿಗೆ ಪ್ರಮಾಣವನ್ನು ಹೆಚ್ಚಿಸಲಾಗುತ್ತದೆ. ಹೀಗಾಗಿ ಮೊದಲು ಸೇರಿದವರಿಗೆ ದೊರೆಯುವ ಔಷಧವು ಪರಿಣಾಮ ಬೀರಲು ಸಾಲದಿರುವ ಸಾಧ್ಯತೆಯೂ ಇದೆ. ಈ ವಿಷಯವನ್ನು ರೋಗಿಗೆ ಮೊದಲೇ ವಿವರಿಸಿ ಲಿಖಿತ ಸಮ್ಮತಿ ಪಡೆಯುವುದು ಅಗತ್ಯ.

ಇಮ್ಯಾಟಿನಿಬ್ ಪ್ರಯೋಗದಲ್ಲಿ ಇಂಟರ್‌ಫೆರಾನ್ ಚಿಕಿತ್ಸೆ ಫಲಿಸದ ಅಥವಾ ಅದನ್ನು ತಾಳಿಕೊಳ್ಳಲಾಗದ 83 ರೋಗಿಗಳಿದ್ದರು. ದಿನಕ್ಕೆ 25 ಮಿಲಿಗ್ರಾಂನಿಂದ ಆರಂಭಿಸಿ 1000 ಮಿಲಿಗ್ರಾಂವರೆಗೆ ಹಂತಹಂತವಾಗಿ ಔಷಧವನ್ನು ಬಾಯಿಯ ಮೂಲಕ ನೀಡಲಾಯಿತು.

ಫಲಿತಾಂಶ

ವಾಕರಿಕೆ, ಸ್ನಾಯುನೋವು, ಬಾವು ಮತ್ತು ಭೇದಿ ಸಾಮಾನ್ಯ ಅಡ್ಡಪರಿಣಾಮಗಳಾಗಿದ್ದವು. ಅತ್ಯಧಿಕ ಪ್ರಮಾಣದಲ್ಲಿಯೂ ಇವು ಬಹುಮಟ್ಟಿಗೆ ಸೌಮ್ಯವಾಗಿದ್ದುದರಿಂದ ದೇಹವು ತಾಳಿಕೊಳ್ಳಬಲ್ಲ ಗರಿಷ್ಠ ಮಿತಿಯನ್ನು ಗುರುತಿಸಲಾಗಲಿಲ್ಲ. ದಿನಕ್ಕೆ 300 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಔಷಧ ಪಡೆದ 54 ರೋಗಿಗಳಲ್ಲಿ 53 ಮಂದಿಯ ರಕ್ತಕಣಗಳ ಸಂಖ್ಯೆ ಸಹಜ ಸ್ಥಿತಿಗೆ ಮರಳಿತು. ಆದರೆ ವರ್ಣತಂತುವಿನ ದೋಷವು ಸಂಪೂರ್ಣವಾಗಿ ಮರೆಯಾದದ್ದು ಇವರಲ್ಲಿ 7 ಮಂದಿಯಲ್ಲಿ ಮಾತ್ರ. ಈ ಫಲಿತಾಂಶಗಳು 2001ರ ಏಪ್ರಿಲ್‌ನಲ್ಲಿ ಪ್ರಕಟವಾದವು.

ಮಹತ್ವ

ಎರಡನೆಯ ಹಂತದ ಪ್ರಯೋಗಗಳ ಆಧಾರದ ಮೇಲೆ 2001ರ ಮೇ 10ರಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇಮ್ಯಾಟಿನಿಬ್‌ಗೆ ಅನುಮೋದನೆ ನೀಡಿತು. ಸುರಕ್ಷತೆಯ ಪರೀಕ್ಷೆಯಲ್ಲಿಯೇ ಇಷ್ಟು ಸ್ಪಷ್ಟವಾದ ಗುಣ ಕಂಡುಬರುವುದು ಅಪರೂಪ. ಮೊದಲ ಹಂತವನ್ನು ಪ್ರವೇಶಿಸುವ ಬಹುಪಾಲು ಕ್ಯಾನ್ಸರ್ ಔಷಧಗಳು ಅನುಮೋದನೆಯವರೆಗೆ ತಲುಪುವುದಿಲ್ಲ.